‘ಇಪ್ಪತ್ತನಾಲ್ಕು ಕಣ್ಣುಗಳು’: ಒಂದು ವಿವೇಚನೆ

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ತಯಾರಾದ ಚಲಚ್ಚಿತ್ರಗಳಲ್ಲಿ, ಉಪಾಧ್ಯಾಯ ವೃತ್ತಿಯವರಾದ ನಾವು ವಿಶೇಷವಾಗಿ ವಿಚಾರಿಸತಕ್ಕದ್ದು ‘ಇಪ್ಪತ್ತನಾಲ್ಕು ಕಣ್ಣುಗಳು’. ಸಕಾಯೆ ತ್ಸುಬೊಯಿ ಎಂಬ ಲೇಖಕಿಯ 1952ರ ಕಾದಂಬರಿಯನ್ನು ಆಧರಿಸಿ ಕೈಸುಕೆ ಕಿನೋಶಿತ ಅವರು 1954ರಲ್ಲಿ ಇದನ್ನು ನಿರ್ದೇಶಿಸಿದರು. ಇದರಲ್ಲಿ ಕಣ್ಣೀರು ಅತಿಯಾಯಿತೆಂಬ ಆಕ್ಷೇಪವುಂಟು. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನೋಡೋಣ.

ಕಥೆ 1928ರಲ್ಲಿ ಮೊದಲಾಗುತ್ತದೆ. ಶೋದೋ ದ್ವೀಪದ ಹಳ್ಳಿಶಾಲೆಗೆ ಓಯಿಶಿ ಎಂಬ ಹೊಸ ಉಪಾಧ್ಯಾಯಿನಿ ಬೈಸಿಕಲ್ಲಿನ ಮೇಲೆ ಬರುತ್ತಾಳೆ. ಒಂದನೆಯ ತರಗತಿಯಲ್ಲಿ ಹನ್ನೆರಡು ಮಕ್ಕಳು. ಇಪ್ಪತ್ತನಾಲ್ಕು ಕಣ್ಣುಗಳು ಅವರವೇ. ಕಾಲಿಗೆ ಪೆಟ್ಟಾಗಿ ಮನೆಯಲ್ಲುಳಿದ ಆಕೆಯನ್ನು ನೋಡಲು ಮಕ್ಕಳು ಹೆತ್ತವರಿಗೂ ಹೇಳದೆ ಬಹುದೂರ ನಡೆದು ಹೋಗುತ್ತಾರೆ. ಅಂದು ತೆಗೆಸಿದ ಛಾಯಾಚಿತ್ರವೇ ಎಲ್ಲರೂ ಒಟ್ಟಿಗಿದ್ದುದರ ಗುರುತು. ಮುಂದೆ ಬಡತನ ಕೆಲವರನ್ನು ದುಡಿಮೆಗೆ ಎಳೆಯುತ್ತದೆ. ಕ್ಷಯರೋಗ ಒಬ್ಬಳನ್ನು ಒಯ್ಯುತ್ತದೆ. ಐವರು ಹುಡುಗರಲ್ಲಿ ಮೂವರು ಯುದ್ಧದಲ್ಲಿ ಮಡಿಯುತ್ತಾರೆ, ಒಬ್ಬನು ಕುರುಡನಾಗಿ ಮರಳುತ್ತಾನೆ.

ಚಿತ್ರದ ಸತ್ತ್ವವೆಲ್ಲ ಮಾತ್ಸುಯೆ ಎಂಬ ಹುಡುಗಿಯ ಪ್ರಸಂಗದಲ್ಲಿದೆ. ತಾಯಿ ತೀರಿಹೋದ ಮೇಲೆ ಅವಳ ಓದು ನಿಲ್ಲುತ್ತದೆ. ಮುಂದೆ ಶಾಲೆಯ ಪ್ರವಾಸದಲ್ಲಿ ಓಯಿಶಿ ಒಂದು ಊಟದ ಅಂಗಡಿಗೆ ಹೋದರೆ, ಅಲ್ಲಿ ಬಡಿಸುವವಳು ಮಾತ್ಸುಯೆ. ಆಮೇಲೆ ಹೊರಗೆ ಬಂದ ಹುಡುಗಿ ಹಳೆಯ ಸಹಪಾಠಿಗಳನ್ನು ಕಂಡು ಮರೆಯಾಗಿ ನಿಲ್ಲುತ್ತಾಳೆ. ಅವರ ಹಡಗು ದೂರವಾಗುವುದನ್ನು ಒಬ್ಬಳೇ ಅಳುತ್ತ ನೋಡುತ್ತಾಳೆ. ಇಲ್ಲಿ ಯಾರೂ ಯಾರಿಗೂ ದ್ರೋಹ ಬಗೆದಿಲ್ಲ, ಜಗಳವಾಡಿಲ್ಲ. ಆದರೂ ಗೆಳೆತನ ಕಡಿದುಹೋಯಿತು. ಇದು ಬರಿಯ ಶೋಕವಲ್ಲ. ಔಚಿತ್ಯವನ್ನು ಮೀರದ ಕರುಣ.

ಆದರೆ ದೋಷವನ್ನೂ ಹೇಳಬೇಕು. ಚಿತ್ರದಲ್ಲಿ ಯುದ್ಧವು ಬಿರುಗಾಳಿಯಂತೆ ಎಲ್ಲಿಂದಲೋ ಬಂದೆರಗುತ್ತದೆ. ಜಪಾನಿನ ಸೈನ್ಯ ಚೀನದಲ್ಲಿ ನಡೆಸಿದ ಕ್ರೌರ್ಯದ ಕಡೆಗೆ ಅದರ ದೃಷ್ಟಿ ಹೊರಳುವುದಿಲ್ಲ. ಹುಡುಗರನ್ನು ಸೈನಿಕರಾಗಿಸಿದ ಪಾಠಗಳಿಂದ ಬೇಸತ್ತು ಓಯಿಶಿ ಕೆಲಸ ಬಿಡುತ್ತಾಳೆ. ಅವಳ ಮೌನವನ್ನು ಚಿತ್ರ ಸಾಕಷ್ಟು ಪ್ರಶ್ನಿಸುವುದಿಲ್ಲ. ಕಣ್ಣೀರು ಅತಿಯಾಯಿತೆಂಬ ಆಕ್ಷೇಪ ಇಲ್ಲಿ ಮಾತ್ರ ನಿಲ್ಲುತ್ತದೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳವರಾದ ನಮಗೆ ಮಾತ್ಸುಯೆ ಪರಕೀಯಳಲ್ಲ. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತಮಿಳನ್ನೂ ಆಡುತ್ತ ಬೆಳೆದ ದೇವಾಂಗ ನೇಕಾರರ ಮಕ್ಕಳನ್ನು ನಾವು ಬಲ್ಲೆವು. ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬನು ಕಾಲೇಜಿಗೆ ಹೋದರೆ, ಇನ್ನೊಬ್ಬನು ಮಗ್ಗಕ್ಕೋ ನೂಲಿನ ಗಿರಣಿಗೋ ತಿರುಪ್ಪೂರಿನ ಬನಿಯನ್ ಕಂಪೆನಿಗೋ ಸೇರುತ್ತಾನೆ. ಮುಂದೆ ಬಸ್ ನಿಲ್ದಾಣದಲ್ಲಿ ಎದುರಾದರೆ ಮಾತು ಹೊರಡುವುದಿಲ್ಲ. ಹಾಜರಿ ಪುಸ್ತಕದಲ್ಲಿ ನಾವು ಹೊಡೆದುಹಾಕುವ ಹೆಸರಿನ ಹಿಂದೆ ಕಡಿದುಹೋಗುವ ಗೆಳೆತನಗಳೆಷ್ಟು ಎಂಬುದನ್ನು ಯಾವ ದಾಖಲೆಯೂ ಹೇಳದು.

1946ರಲ್ಲಿ ಮತ್ತೆ ಶಾಲೆಗೆ ಬಂದ ಓಯಿಶಿಗೆ ಉಳಿದ ಹಳೆಯ ವಿದ್ಯಾರ್ಥಿಗಳು ಔತಣವಿತ್ತು ಹೊಸ ಬೈಸಿಕಲ್ಲನ್ನು ಕೊಡುತ್ತಾರೆ. ಕುರುಡನಾದ ಇಸೊಕಿಚಿ ಆ ಹಳೆಯ ಛಾಯಾಚಿತ್ರದ ಮೇಲೆ ಬೆರಳಾಡಿಸಿ ಯಾರು ಎಲ್ಲಿ ನಿಂತಿದ್ದರೆಂದು ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾನೆ. ಅಗಲಿದವರನ್ನು ಶಾಲೆ ಮರಳಿ ತರಲಾರದು; ಆದರೆ ಅವರ ಹೆಸರನ್ನು ನೆನಪಿನಲ್ಲಿಡಬಲ್ಲದು. ಅಷ್ಟೂ ಮಾಡದಿದ್ದರೆ ನಮ್ಮ ಹಾಜರಿ ಬರಿಯ ಎಣಿಕೆಯಾದೀತು.