ಯಂತ್ರ ಕಟ್ಟಿದ ಬಾಖ್

1997ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಒಂದು ವಿಚಿತ್ರ ಕಚೇರಿ ನಡೆಯಿತು. ವಿನಿಫ್ರೆಡ್ ಕರ್ನರ್ ಎಂಬ ಪಿಯಾನೋ ವಾದಕಿ ಮೂರು ಕೃತಿಗಳನ್ನು ನುಡಿಸಿದರು. ಒಂದು ಹದಿನೆಂಟನೆಯ ಶತಮಾನದ ಬಾಖ್‌ನದು; ಒಂದು ಬಾಖ್‌ನ ಶೈಲಿಯಲ್ಲಿ ಸ್ಟೀವ್ ಲಾರ್ಸನ್ ಎಂಬ ಸಂಗೀತದ ಅಧ್ಯಾಪಕರು ರಚಿಸಿದ್ದು; ಇನ್ನೊಂದು ಕಂಪ್ಯೂಟರ್ ರಚಿಸಿದ್ದು. ಯಾವುದು ಯಾರದೆಂದು ಸಭಿಕರು ಗುರುತಿಸಬೇಕಿತ್ತು. ಅವರು ಕಂಪ್ಯೂಟರಿನದನ್ನು ಬಾಖ್‌ನದೆಂದರು, ಲಾರ್ಸನ್ ಅವರದನ್ನು ಕಂಪ್ಯೂಟರಿನದೆಂದರು.

ಈ ಪ್ರಸಂಗವನ್ನು ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸಿ, ಯಂತ್ರ ಗೆದ್ದಿತು ನೋಡಿ ಎನ್ನುತ್ತಾರೆ. ನನಗೆ ಪಾಪ, ಆ ಅಧ್ಯಾಪಕರದೇ ಚಿಂತೆ. ಅಂದು ನಡೆದದ್ದು ಸ್ವಂತಿಕೆಯ ಪರೀಕ್ಷೆಯೇ ಅಲ್ಲ, ಹೋಲಿಕೆಯ ಪರೀಕ್ಷೆ. ಬಾಖ್‌ನಂತೆಯೇ ಇದ್ದರೆ ಪೂರ್ತಿ ಅಂಕ. ಅವನು ಹೋಗದ ಕಡೆಗೆ ಒಂದು ಹೆಜ್ಜೆ ಇಟ್ಟರೂ ಅಂಕ ಕಡಿತ. ಇಪ್ಪತ್ತೆಂಟು ವರ್ಷ ಪ್ರಬಂಧಗಳನ್ನು ತಿದ್ದಿದವಳಿಗೆ ಈ ನ್ಯಾಯ ಚೆನ್ನಾಗಿ ಗೊತ್ತು. ಗೈಡಿನ ಮೂರು ಪ್ರಬಂಧಗಳಿಂದ ಪೀಠಿಕೆ, ನಡುಭಾಗ, ಉಪಸಂಹಾರ ಕಿತ್ತು ಜೋಡಿಸಿದ ಹುಡುಗನ ಬರಹದಲ್ಲಿ ತಪ್ಪೇ ಸಿಗುವುದಿಲ್ಲ. ತನ್ನ ಅಜ್ಜಿಮನೆಯ ಮಳೆಯನ್ನು ತಾನೇ ಬಣ್ಣಿಸಲು ಹೊರಟ ಹುಡುಗಿ ಎರಡು ಕಡೆ ಎಡವಿ ಮಾರ್ಕು ಕಳೆದುಕೊಳ್ಳುತ್ತಾಳೆ.

ಆ ತಂತ್ರಾಂಶವನ್ನು ಬರೆದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂತಾಕ್ರೂಜ್‌ನಲ್ಲಿದ್ದ ಡೇವಿಡ್ ಕೋಪ್. ಸ್ವತಃ ಸಂಗೀತ ರಚನೆಕಾರರು. ಒಂದು ಆಪೆರಾ ಬರೆದುಕೊಡಲು ಒಪ್ಪಿಕೊಂಡು, ಕೈ ಓಡದೆ ಕುಳಿತಿದ್ದಾಗ, 1981ರ ಸುಮಾರಿಗೆ ಈ ಕೆಲಸಕ್ಕೆ ತೊಡಗಿದರು. ಅದಕ್ಕೆ ಎಮ್ಮಿ ಎಂದು ಮುದ್ದಿನ ಹೆಸರು ಬಂತು. ಎಮ್ಮಿಯ ವಿಧಾನ ಹೀಗೆ: ಬಾಖ್‌ನ ಕೃತಿಗಳನ್ನು ಸಂಖ್ಯೆಗಳಾಗಿ ಉಣಿಸುವುದು, ಅವನ್ನು ತುಣುಕು ಮಾಡುವುದು, ಪ್ರತಿ ತುಣುಕು ಮುಂದೆ ಯಾವ ಸ್ವರಕ್ಕೆ ಹೋಗಿತ್ತೆಂದು ಗುರುತಿಟ್ಟುಕೊಂಡು, ಹಾಗೆಯೇ ಹೊಂದುವ ಬೇರೆ ತುಣುಕನ್ನು ಅದಕ್ಕೆ ಬೆಸೆಯುವುದು. ಹಲವು ಕೃತಿಗಳಲ್ಲಿ ಮರುಕಳಿಸುವ, ಆ ರಚನೆಕಾರನ ರುಜುವಿನಂತಹ ನುಡಿಗಟ್ಟುಗಳನ್ನು ಮಾತ್ರ ಮುರಿಯದೆ ಇಡಿಯಾಗಿ ಉಳಿಸಿಕೊಳ್ಳುವುದು.

ಜೋಡಣೆ ಎಂಬ ಕಾರಣಕ್ಕೆ ಮೂಗು ಮುರಿಯುವ ಹಕ್ಕು ಕರ್ನಾಟಕ ಸಂಗೀತದವರಾದ ನಮಗಂತೂ ಇಲ್ಲ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ 72 ಮೇಳಗಳನ್ನು ಕಂಡದ್ದು ಗಣಿತದಿಂದ. ಅವುಗಳಲ್ಲಿ ಅವನ ಕಾಲಕ್ಕೆ ರೂಢಿಯಲ್ಲಿದ್ದವು 19 ಮಾತ್ರ. ಉಳಿದವು ಬಾಡಿಗೆಗೆ ಜನ ಬಾರದ ಮನೆಗಳು. ಇಪ್ಪತ್ತೆರಡನೆಯದಾದ ಖರಹರಪ್ರಿಯಕ್ಕೆ ನಾವು ಇಂದು ಬಲ್ಲ ಮುಖ ಬಂದದ್ದು ತ್ಯಾಗರಾಜರ ಕೃತಿಗಳಿಂದ. ಲೆಕ್ಕ ಕೊಟ್ಟದ್ದು ಬರೀ ಸ್ವರಗಳ ಸಾಲು. ರಾಗ ಆಮೇಲೆ ಬಂತು.

ಸಾಲಿಗೂ ರಾಗಕ್ಕೂ ಎಷ್ಟು ದೂರ ಎನ್ನುವವರು ಆರಭಿಯನ್ನೂ ದೇವಗಾಂಧಾರಿಯನ್ನೂ ಕೇಳಬೇಕು. ಎರಡಕ್ಕೂ ಒಂದೇ ಆರೋಹಣ, ಒಂದೇ ಅವರೋಹಣ. ಆರಭಿ ಬೆಳಗ್ಗೆ ಎದ್ದು ಅಂಗಳ ಗುಡಿಸಿ ನೀರು ಸೇದುವವಳ ಹಾಗೆ ಚುರುಕು; ದೇವಗಾಂಧಾರಿ ಎಳೆದೆಳೆದು, ತೂಗಿ ತೂಗಿ ನಡೆಯುವವಳು. ಈ ಭೇದ ಇರುವುದು ಗಮಕದಲ್ಲಿ, ನಡೆಯಲ್ಲಿ, ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದರಲ್ಲಿ. ನಮ್ಮ ಸ್ವರಲಿಪಿ ಅದನ್ನು ಬರೆಯುವುದೇ ಕಡಿಮೆ. ಗುರುವಿನ ಬಾಯಿಂದ ಬರಬೇಕು. ಬಾಖ್‌ನ ಸಂಗೀತದ ಬಹುಭಾಗ ಕಾಗದದ ಮೇಲೆ ಕೂರುತ್ತದೆ, ಆದ್ದರಿಂದಲೇ ಎಮ್ಮಿಗೆ ಅವನು ಸುಲಭದಲ್ಲಿ ಸಿಕ್ಕಿದ.

ಆದರೆ ಈ ವಾದವನ್ನೇ ಹಿಡಿದು ಬೀಗುವಂತಿಲ್ಲ. ಈಗಿನ ತಂತ್ರಾಂಶಗಳು ಕಲಿಯುವುದು ಬರೆದ ಸ್ವರಗಳಿಂದಲ್ಲ, ಮುದ್ರಿತ ಧ್ವನಿಯಿಂದ. ಎರಡು ಸಾಲು ಬರೆದು ಕೊಟ್ಟರೆ ಕಂಠ, ವಾದ್ಯ ಸಮೇತ ಹಾಡು ತೆಗೆದುಕೊಡುತ್ತವೆ. ನಮ್ಮ ಕಂಪನವೂ ಜಾರುವೂ ಅವಕ್ಕೆ ಇಂದಲ್ಲ ನಾಳೆ ಒಗ್ಗಿಯಾವು. ಯಾರ ಹಾಡುಗಳಿಂದ ಕಲಿತಿರಿ ಎಂದು ಅಮೆರಿಕದ ದೊಡ್ಡ ಧ್ವನಿಮುದ್ರಣ ಕಂಪನಿಗಳು 2024ರಲ್ಲಿ ಸುನೋ, ಯುಡಿಯೋ ಎಂಬ ಎರಡು ಸಂಸ್ಥೆಗಳನ್ನು ನ್ಯಾಯಾಲಯಕ್ಕೆ ಎಳೆದವು. ಅದು ಹಣದ ಜಗಳ ಹೌದು, ಆದರೆ ಪ್ರಶ್ನೆ ನ್ಯಾಯವಾದದ್ದು. ನಾವು ಪಾಠಾಂತರದ ಹೆಸರನ್ನಾದರೂ ಹೇಳುತ್ತೇವೆ. ಇಂಥವರ ಶಿಷ್ಯೆ ಎಂದು ಹೇಳಿಕೊಳ್ಳದ ಗಾಯಕಿ ನಮ್ಮಲ್ಲಿ ಅಪರೂಪ.

ಸಂಗೀತವನ್ನು ರಚಿಸಬಲ್ಲುದೇ ಎಂದರೆ ಬಲ್ಲುದು, ರಚಿಸಿದೆ, ಕೇಳಲೂ ಹಿತವಾಗಿದೆ. ಸ್ವಂತ ಸಂಗೀತವೇ ಎಂದರೆ ನಾನು ಒಪ್ಪಲಾರೆ. ಎಮ್ಮಿ ಬಾಖ್‌ನ ಧಾಟಿಯ ಸಾವಿರಾರು ಕೃತಿಗಳನ್ನು ಒಂದೇ ಉಸಿರಿಗೆ ಉಗುಳಿತು. ಇದು ಸಪ್ಪೆ, ಇದು ಬೇಡ ಎಂದು ಒಂದನ್ನೂ ಅದು ತಾನಾಗಿ ಹರಿದು ಹಾಕಲಿಲ್ಲ. ಕೇಳಿ, ಆರಿಸಿ, ಜಗತ್ತಿನ ಮುಂದೆ ಇಟ್ಟವರು ಕೋಪ್. ಕೊನೆಗೆ ಅದರ ಸ್ವರಭಂಡಾರವನ್ನು ಅಳಿಸಿ ಹಾಕಿದವರೂ ಅವರೇ. ಬಾಖ್ ಸತ್ತ, ಅವನ ಕೃತಿಗಳಿಗೆ ಒಂದು ಲೆಕ್ಕವಿದೆ. ಎಮ್ಮಿಯದಕ್ಕೆ ಮುಗಿವೇ ಇಲ್ಲವಾದ್ದರಿಂದ ಯಾರೂ ಅದನ್ನು ಗಂಭೀರವಾಗಿ ಕೇಳುತ್ತಿಲ್ಲ ಎಂಬುದು ಅವರ ಕಾರಣವಾಗಿತ್ತು. ಆಮೇಲೆ ಅವರು ಎಮಿಲಿ ಹೋವೆಲ್ ಎಂಬ ಇನ್ನೊಂದು ತಂತ್ರಾಂಶವನ್ನು ಕಟ್ಟಿದರು. ಅದಕ್ಕೆ ಉಣಿಸಿದ್ದು ಎಮ್ಮಿಯ ರಚನೆಗಳನ್ನೇ. ಆ ಸಂಗೀತ ತಮಗೆ ಹಿಡಿಸಿತೋ ಇಲ್ಲವೋ ಎಂದು ಮಾತ್ರ ಪ್ರತಿ ಸಲವೂ ಕೋಪ್ ಅವರೇ ಅದಕ್ಕೆ ಹೇಳುತ್ತಿದ್ದರು.