ಬಣ್ಣದಲ್ಲಿ ಬರೆಸಿದ ದೂರು

ಕೋಟೆಬಾಗಿಲ ನಡುವೆ ಕತ್ತಿ ಹಿಡಿದು ನಿಂತ ಜನರಲ್ ಡೇವಿಡ್ ಬೇರ್ಡ್, ಪಕ್ಕದಲ್ಲೊಂದು ಲಾಂದ್ರ, ಕೆಳಗೆ ಟಿಪ್ಪುವಿನ ಹೆಣ. ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಈ ತೈಲಚಿತ್ರದ ಬಗ್ಗೆ ನಮ್ಮಲ್ಲಿ ತೀರ್ಪು ಯಾವತ್ತೋ ಆಗಿಹೋಗಿದೆ: ಗೆದ್ದವರ ಜಂಬ, ಸಾಮ್ರಾಜ್ಯದ ಪ್ರಚಾರ. ಅಮರಾಪುರದ ಕಡೆಯವನಾದ ನನಗೂ ಆ ಸಿಟ್ಟಿಗೆ ಕಾರಣವಿದೆ. 1799ರ ಮೇ 4ರಂದು ಸುಲ್ತಾನ ಬಿದ್ದ. ಮರುವರ್ಷವೇ ನಮ್ಮ ಮಡಕಶಿರ, ರಾಯದುರ್ಗದ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ, ನಾವು ದತ್ತಮಂಡಲದವರಾದೆವು.

ಆದರೂ ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಜಂಬದ ಚಿತ್ರ ಬೇಕೆಂದರೆ ಅದು 1800ರಲ್ಲೇ ಲಂಡನ್ನಿನಲ್ಲಿ ತಯಾರಾಗಿತ್ತು. ಶ್ರೀರಂಗಪಟ್ಟಣದ ಲಗ್ಗೆಯನ್ನು ರಾಬರ್ಟ್ ಕೆರ್ ಪೋರ್ಟರ್ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬಿಡಿಸಿಟ್ಟ, ಜನ ಕಾಸು ಕೊಟ್ಟು ನೋಡಿದರು. ವಿಲ್ಕಿಯ ಚಿತ್ರ ಬಂದದ್ದು ಊರೆಲ್ಲ ಮರೆತ ಮೇಲೆ, ನಲವತ್ತು ವರ್ಷ ತಡವಾಗಿ. ಬರೆಸಿದ್ದು ಕಂಪನಿಯಲ್ಲ, 1829ರಲ್ಲಿ ತೀರಿಕೊಂಡ ಬೇರ್ಡನ ವಿಧವೆ. ಲಗ್ಗೆಯ ಮುಂದಾಳು ಬೇರ್ಡ್. ಗೆದ್ದ ಪಟ್ಟಣದ ಅಧಿಕಾರ ದಕ್ಕಿದ್ದು ಮಾತ್ರ ಗವರ್ನರ್ ಜನರಲ್ಲನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ. ಆ ತಮ್ಮ ಮುಂದೆ ವೆಲಿಂಗ್ಟನ್ನಿನ ಡ್ಯೂಕನಾದ, ಪ್ರಧಾನಿಯೂ ಆದ. ನುಂಗಿಕೊಂಡ ಆ ಅವಮಾನಕ್ಕೆ ಲೇಡಿ ಬೇರ್ಡ್ ಬಣ್ಣ ಹಚ್ಚಿಸಿದಳು. ಹಾಗಾಗಿ ಇದು ಟಿಪ್ಪುವಿನ ಮೇಲಿನ ಗೆಲುವಿಗಿಂತ ವೆಲ್ಲೆಸ್ಲಿಯ ಮೇಲಿನ ದೂರು.

ಬೇರ್ಡನ ಕಾಲ ಕೆಳಗೆ ನೋಡಿ, ನೆಲಮಾಳಿಗೆಯ ಕಂಬಿಗಳಿವೆ. 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆಸಿಕ್ಕ ಅವನು 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. ಗೆದ್ದವನ ಪಾದದಡಿ ಅವನದೇ ಸೋಲನ್ನು ಇಡುವುದು ಜಂಬದವರ ಪದ್ಧತಿಯಲ್ಲ. ಅಂದಹಾಗೆ, ಅದೇ ಪೊಳ್ಳಿಲೂರಿನ ಕಾಳಗ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆ ತುಂಬ ಇದೆ. ಬರೆಸಿದವನು ಗೆದ್ದ ಟಿಪ್ಪು. ಅದನ್ನು ನಾವು ಪ್ರಚಾರ ಎನ್ನುವುದಿಲ್ಲ, ಟಿಕೆಟ್ ಕೊಂಡು ಕಲೆ ಎಂದು ನೋಡಿ ಬರುತ್ತೇವೆ.

ವಿಲ್ಕಿಯ ಮೇಲೆ ನನ್ನ ತಕರಾರೇ ಬೇರೆ. ಅವನು ಇಂಡಿಯಾಕ್ಕೆ ಕಾಲಿಟ್ಟವನಲ್ಲ. ಲಾಂದ್ರದ ಬೆಳಕು, ಕತ್ತಲ ಕಮಾನು, ಹೆಣದ ಸುತ್ತ ಬಾಗಿದ ಮೈಗಳು, ಎಲ್ಲವೂ ಶಿಲುಬೆಯಿಂದ ಏಸುವನ್ನು ಇಳಿಸುವ ಹಳೆಯ ಚಿತ್ರಗಳ ಕಡವೆಂದೇ ನನಗೆ ಕಾಣುತ್ತದೆ. ಮರುವರ್ಷ, 1840ರಲ್ಲಿ, ಅದೇ ಮನುಷ್ಯ ಜೆರುಸಲೇಮಿಗೆ ಹೊರಟ. ಬೈಬಲ್ಲಿನ ಕಥೆ ಬರೆಯಬೇಕಾದರೆ ಆ ನೆಲ, ಆ ಜನರನ್ನು ಕಣ್ಣಾರೆ ಕಾಣಬೇಕಂತೆ! ಶ್ರೀರಂಗಪಟ್ಟಣಕ್ಕೆ ಆ ಮಾತು ಅನ್ವಯಿಸಲಿಲ್ಲ. 1841ರಲ್ಲಿ ವಾಪಸು ಬರುವಾಗ ಹಡಗಿನಲ್ಲೇ ಸತ್ತ. ಜಿಬ್ರಾಲ್ಟರ್ ಹತ್ತಿರ ಹೆಣವನ್ನು ಕಡಲಿಗೆ ಬಿಟ್ಟರು. ಆ ಕಡಲ ಸಂಸ್ಕಾರವನ್ನು ಟರ್ನರ್ 1842ರಲ್ಲಿ ಚಿತ್ರಿಸಿದ, ಅವನೂ ಕಣ್ಣಾರೆ ಕಾಣದೆಯೇ.