ಇಬ್ಬನಿ ಬಿದ್ದ ಹುಲ್ಲಿಗೆ ಪೈಪು ಹಿಡಿಯುವ ಮುನ್ನ

ಇಬ್ಬನಿ ಕುಡಿದ ಅವರೆಕಾಯಿಗೇ ಸೊಗಡು ಜಾಸ್ತಿ ಎಂದು ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಇಬ್ಬನಿ ಅಂಗಳದ ಹುಲ್ಲುಹಾಸಿನ ಮೇಲೂ ರಾತ್ರಿಯಿಡೀ ಬೀಳುತ್ತದೆ. ಆದರೂ ಜಗಲಿಯಲ್ಲಿ ಅವರೆ ಸುಲಿಯುತ್ತಾ ಕೂತವರು ಹುಲ್ಲಿನ ಕಡೆ ನೋಡಿ, 'ಅಯ್ಯೋ, ಹಳದಿಯಾಯ್ತು' ಎಂದು ಎದ್ದು ನಲ್ಲಿ ತಿರುಗಿಸುತ್ತಾರೆ.

ನಾನೂ ತಿರುಗಿಸಿದವನೇ. ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ನನ್ನ ಲಾನಿಗೆ ಅದು ಮೊದಲ ಮಾಗಿ. ಆಫೀಸಿನಿಂದ ಬಂದವನೇ ಬೀದಿದೀಪದ ಬೆಳಕಿನಲ್ಲಿ ದಿನಾ ಅರ್ಧ ಗಂಟೆ ಪೈಪು ಹಿಡಿದು ನಿಲ್ಲುತ್ತಿದ್ದೆ. ಸಂಕ್ರಾಂತಿ ಹತ್ತಿರ ಬರುವಾಗ ಅಲ್ಲಲ್ಲಿ ಅಂಗೈಯಗಲದ ಮಚ್ಚೆಗಳು ಎದ್ದವು, ಒಣಹುಲ್ಲಿನ ಬಣ್ಣದವು. ಪಕ್ಕದ ಮನೆ ಬೆಕ್ಕಿನ ಮೇಲೆ ಅನುಮಾನಪಟ್ಟೆ. ಒಂದು ಬೆಳಿಗ್ಗೆ ಮಂಡಿಯೂರಿ ನೋಡಿದರೆ ಮಚ್ಚೆಯ ಮೇಲೆ ಜೇಡರಬಲೆಯಂಥ ಬಿಳಿ ಎಳೆಗಳು, ಬಿಸಿಲೇರುವಷ್ಟರಲ್ಲಿ ಮಾಯ. ಮಾಲಿ ಬಂದವನು ಬಗ್ಗಿ ಕೂಡ ನೋಡಲಿಲ್ಲ. 'ನೀರು ಜಾಸ್ತಿ ಆಗೈತೆ ಸಾರ್. ಇದಕ್ಕೀಗ ಹಸಿವೇ ಇಲ್ಲ, ನೀವು ಬಡಿಸ್ತಾನೇ ಇದೀರಿ' ಎಂದ.

ಅದು ಶಿಲೀಂಧ್ರ. ಡಾಲರ್ ಸ್ಪಾಟ್ ಎನ್ನುತ್ತಾರೆ. ಅದಕ್ಕೆ ಬೇಕಾದದ್ದು ಎಲೆಯ ಮೇಲೆ ಬಹಳ ಹೊತ್ತು ನಿಂತ ತೇವ. ಸಂಜೆ ಏಳಕ್ಕೆ ನಾನು ಹಾಕಿದ ನೀರು ಆರುವ ಮೊದಲೇ ಇಬ್ಬನಿ ಇಳಿಯುತ್ತಿತ್ತು, ಇಬ್ಬನಿ ಆರುವುದು ಮರುದಿನ ಒಂಬತ್ತಕ್ಕೆ. ಹದಿನಾಲ್ಕು ಗಂಟೆ ಒದ್ದೆ! ಅಂದಿನಿಂದ ಚಳಿಗಾಲದಲ್ಲಿ ನಮ್ಮನೆಯಲ್ಲಿ ನೀರು ಬೆಳಿಗ್ಗೆ ಮಾತ್ರ, ಬಿಸಿಲು ಬಿದ್ದ ಮೇಲೆ. ಇಬ್ಬನಿ ತೀರಾ ದಟ್ಟವಾಗಿದ್ದರೆ ಖಾಲಿ ಪೈಪಿನ ಒಂದು ತುದಿ ನಾನು, ಇನ್ನೊಂದು ತುದಿ ನನ್ನಾಕೆ ಹಿಡಿದು ಹುಲ್ಲಿನ ಮೇಲೆ ಒಮ್ಮೆ ಎಳೆದುಬಿಡುತ್ತೇವೆ. ಹನಿಗಳೆಲ್ಲ ಉದುರಿ ಪೈಪು ಹೋದ ದಾರಿ ಗಾಢ ಹಸಿರಾಗಿ ಕಾಣುತ್ತದೆ. ಗಾಲ್ಫ್ ಮೈದಾನದ ಮಾಲಿಗಳು ಇದನ್ನೇ ಉದ್ದನೆಯ ಬಳುಕುವ ಕೋಲಿನಲ್ಲಿ ಮಾಡುತ್ತಾರೆ.

ಹಾಗಾದರೆ ಹಳದಿ ಯಾಕೆ? ನಮ್ಮ ಲಾನುಗಳಲ್ಲಿರುವುದು ಹೆಚ್ಚಾಗಿ ಗರಿಕೆ ಜಾತಿಯ ಬರ್ಮುಡಾ, ಇಲ್ಲವೇ ನರ್ಸರಿಯವರು ಕೊರಿಯನ್, ಮೆಕ್ಸಿಕನ್ ಎಂದೆಲ್ಲ ಹೆಸರಿಟ್ಟು ಮಾರುವ ಜೋಯ್ಸಿಯಾ. (ಜೋಯ್ಸಿಯಾ ಏಷ್ಯಾ, ಆಸ್ಟ್ರೇಲಿಯಾ ಕಡೆಯದು, ಮೆಕ್ಸಿಕೋಗೂ ಅದಕ್ಕೂ ನಂಟಿಲ್ಲ. ನರ್ಸರಿಯವರ ಜತೆ ಈ ವಾದಕ್ಕಿಳಿದು ಪ್ರಯೋಜನವಿಲ್ಲ.) ಎರಡೂ ಸೆಕೆಯ ಹುಲ್ಲುಗಳು. 27ರಿಂದ 35 ಡಿಗ್ರಿಯಲ್ಲಿ ಕುಣಿದಾಡುತ್ತವೆ. ಜನವರಿಯ ಬೆಂಗಳೂರಿನ ರಾತ್ರಿ 15–16ಕ್ಕೆ ಇಳಿದಾಗ ಬೆಳವಣಿಗೆ ನಿಧಾನ ಮಾಡಿ ಬಣ್ಣ ಕಳಚುತ್ತವೆ. ಇಲ್ಲಿ 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದುಂಟು. ಆಗಿನ ಹುಲ್ಲಿನ ಪಾಡು ಏನಾಗಿತ್ತೋ. ಮೇಲೆ ಬಣ್ಣ ಹೋದರೂ ಕೆಳಗೆ ಬೇರು, ಗೆಣ್ಣು ಎರಡೂ ಗಟ್ಟಿಯಾಗಿಯೇ ಇರುತ್ತವೆ. ಅಮೆರಿಕದ ಅಗಸ್ಟಾ ಮೈದಾನದಲ್ಲಿ ಏಪ್ರಿಲ್ ಮಾಸ್ಟರ್ಸ್ ಪಂದ್ಯದ ಹೊತ್ತಿಗೆ ಟೀವಿಯಲ್ಲಿ ಕಣ್ಣಿಗೆ ಹೊಡೆಯುವ ಆ ಹಸಿರು ಕೂಡ ಬರ್ಮುಡಾದ್ದಲ್ಲ. ಅದರ ಮೇಲೆ ಚಳಿಗಾಲಕ್ಕೆಂದೇ ಬಿತ್ತಿದ ರೈ ಹುಲ್ಲಿನದು. ಅವರಿಗೆ ಕಾಸಿದೆ, ಬಿತ್ತುತ್ತಾರೆ. ನನ್ನದು ಹಳದಿಯಾಗಿಯೇ ಇರಲಿ.

ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ ಎಂಬುದು ಎಲ್ಲರ ಪ್ರಶ್ನೆ. ಮೈಸೂರುಪಾಕಿನ ಖಾಲಿ ಡಬ್ಬವೊಂದನ್ನು ಲಾನಿನ ನಡುವೆ ಇಟ್ಟು ಸ್ಪ್ರಿಂಕ್ಲರ್ ಬಿಡಿ, ಮಕ್ಕಳ ಸ್ಕೇಲಿನಿಂದ ಅಳೆಯಿರಿ. ಒಂದೂವರೆ ಸೆಂಟಿಮೀಟರ್ ನಿಂತರೆ ಸಾಕು. ನನಗೆ ಸುಮಾರು ನಲವತ್ತು ನಿಮಿಷ ಹಿಡಿಯುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನನ್ನ ಪುಟ್ಟ ಲಾನಿಗೂ 400 ಲೀಟರ್ ದಾಟುತ್ತದೆ. ಆ ಲೆಕ್ಕ ಕಂಡ ದಿನ ದಿನಾ ಹಾಕುವ ಆಸೆ ತಾನಾಗಿ ಬಿಟ್ಟುಹೋಯಿತು. ಕಾವೇರಿ ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿ ಬರುವ ನೀರು. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ನಾನು ಸೊಪ್ಪು ಅಕ್ಕಿ ತೊಳೆದ ನೀರು, ಮಳೆನೀರಿನ ತೊಟ್ಟಿಯಲ್ಲಿ ಉಳಿದದ್ದು ಹಾಕುತ್ತೇನೆ. ಆರ್‌ಓ ಯಂತ್ರ ಹೊರಹಾಕುವ ನೀರು ಮಾತ್ರ ಬೇಡ. ಅದರಲ್ಲಿ ಉಪ್ಪಿನಂಶ ಹೆಚ್ಚು.

ನಮ್ಮ ಕೆಮ್ಮಣ್ಣಿನಲ್ಲಿ ಐದಾರು ದಿನಕ್ಕೊಮ್ಮೆ ಸಾಕು, ಮರದ ನೆರಳಿನಲ್ಲಿ ಇನ್ನೂ ತಡೆದು. ಕ್ಯಾಲೆಂಡರ್ ನೋಡಿ ಹಾಕುವುದಕ್ಕಿಂತ ಹುಲ್ಲಿನ ಮೇಲೆ ಒಮ್ಮೆ ನಡೆದು ಹಿಂತಿರುಗಿ ನೋಡುವುದು ಮೇಲು. ನೀರಿರುವ ಎಲೆ ತುಳಿದ ಕೂಡಲೇ ಎದ್ದು ನಿಲ್ಲುತ್ತದೆ, ಬಾಯಾರಿದ್ದು ಮಲಗಿಯೇ ಇರುತ್ತದೆ.

ಕತ್ತರಿಸುವ ಮಷೀನಿಗೂ ಈಗ ರಜೆ ಕೊಟ್ಟಂತೆಯೇ. ಮೂರು ವಾರಕ್ಕೊಮ್ಮೆ, ಅದೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ. ಯೂರಿಯಾ ಶಿವರಾತ್ರಿ ಕಳೆಯುವ ತನಕ ಮೂಟೆಯಲ್ಲೇ ಇರಲಿ. ಬೆಳೆಯದ ಹುಲ್ಲು ಅದನ್ನು ಉಣ್ಣುವುದಿಲ್ಲ. ಈ ಬಿಡುವಿನಲ್ಲಿ ಕೊನ್ನಾರಿಗೆಡ್ಡೆ ಕೀಳಬಹುದು. ಬರೀ ಮೇಲಿನ ಎಲೆ ಕಿತ್ತರೆ ಕೆಳಗೆ ಗೆಡ್ಡೆ ಉಳಿದು ಮತ್ತೆ ಏಳುತ್ತದೆ. ಸಣ್ಣ ಕುರ್ಚಿಗೆಯಿಂದ ಗೆಡ್ಡೆಸಮೇತ ಎಬ್ಬಿಸಬೇಕು.

ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬರಿಗಾಲಲ್ಲಿ ಒಂದು ಸುತ್ತು ಹಾಕಿದೆ. ಸಂಪಿಗೆ ಮರದ ಬುಡದಲ್ಲಿ ಹೆಜ್ಜೆಗಳು ಅಳಿಸಿಹೋದವು. ದಕ್ಷಿಣದ ಗೋಡೆಯ ಪಕ್ಕ, ಬಿಸಿಲು ಕಾಯುವ ಮೊಳದಗಲದ ಪಟ್ಟಿಯಲ್ಲಿ ಮಾತ್ರ ಐದು ಬೆರಳೂ ಹಾಗೇ ಉಳಿದಿದ್ದವು. ಅಷ್ಟಕ್ಕೆ ಎರಡು ಬಕೆಟ್ ನೀರು ಹಾಕಿ ಒಳಗೆ ಬಂದೆ, ಅವರೆಕಾಳು ಹಿಸುಕುವುದಿತ್ತು.